ಸಂಯುಕ್ತ ಹೊರೆಗಳಡಿ ಸರಳಾಧಾರಿತ ತೊಲೆಯ ಬಾಗು ಭ್ರಾಮಕ

ಸರಳಾಧಾರಿತ ತೊಲೆ ಎಂದರೆ ಎರಡು ತುದಿಗಳಲ್ಲಿ ಮಾತ್ರ ಆಧಾರವನ್ನು ಹೊಂದಿ, ಆ ತುದಿಗಳಲ್ಲಿ ಅಡ್ಡಿಯಿಲ್ಲದೆ ತಿರುಗಬಲ್ಲ ತೊಲೆ. ಇಂತಹ ತೊಲೆಯ ಮೇಲೆ ಹೊರೆ ಬಿದ್ದಾಗ, ಅದರ ಒಂದು ಅಡ್ಡಕೊಯ್ತದ ಒಂದು ಬದಿಯಲ್ಲಿರುವ ಎಲ್ಲ ಬಲಗಳು ಸೇರಿ ಆ ಕೊಯ್ತದಲ್ಲಿ ತೊಲೆಯನ್ನು ಬಾಗಿಸಲು ಯತ್ನಿಸುವ ಪ್ರಮಾಣವನ್ನು ಬಾಗು ಭ್ರಾಮಕ ಎನ್ನುತ್ತಾರೆ. ಎಂಜಿನಿಯರಿಂಗ್ ತರಗತಿಗಳಲ್ಲಿ ಇದಕ್ಕೆ ಬೆಂಡಿಂಗ್ ಮೊಮೆಂಟ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ತೊಲೆಯ ಆಳ, ಉಕ್ಕಿನ ಗಾತ್ರ, ಕಾಂಕ್ರೀಟಿನೊಳಗಿನ ಸರಳುಗಳ ಸಂಖ್ಯೆ ಮತ್ತು ಸ್ಥಾನ ಇವೆಲ್ಲವೂ ಬಹುಮಟ್ಟಿಗೆ ಈ ಪ್ರಮಾಣವನ್ನು ಅವಲಂಬಿಸಿರುತ್ತವೆ.

ತೊಲೆಯ ಮೇಲೆ ಒಂದೇ ಬಗೆಯ ಹೊರೆಯಿದ್ದರೆ ಲೆಕ್ಕವು ಒಂದು ಸೂತ್ರದಲ್ಲಿ ಮುಗಿಯುತ್ತದೆ. ಆದರೆ ಕಟ್ಟಡಗಳಲ್ಲಿ ಒಂದೇ ತೊಲೆಯು ಚಾವಣಿಯ ಭಾರವನ್ನೂ, ಗೋಡೆಯ ಭಾರವನ್ನೂ, ತನ್ನ ಮೇಲೆ ಬಂದು ಕೂರುವ ಇನ್ನೊಂದು ತೊಲೆಯ ಭಾರವನ್ನೂ ಒಟ್ಟಿಗೆ ಹೊರುವುದು ಸಾಮಾನ್ಯ. ಇಂತಹ ಸಂಯುಕ್ತ ಹೊರೆಗಳಡಿಯಲ್ಲಿ ಗರಿಷ್ಠ ಬಾಗು ಭ್ರಾಮಕ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿ ಉಂಟಾಗುತ್ತದೆ ಎಂಬುದನ್ನೂ ಕಂಡುಹಿಡಿಯಬೇಕಾಗುತ್ತದೆ.

ಹೊರೆಗಳ ವಿಧಗಳು

ಲೆಕ್ಕದ ಅನುಕೂಲಕ್ಕಾಗಿ ತೊಲೆಯ ಮೇಲಿನ ಹೊರೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ.

ಬಿಂದು ಹೊರೆ: ತೊಲೆಯ ಉದ್ದಕ್ಕೆ ಹೋಲಿಸಿದರೆ ಬಹಳ ಕಿರಿದಾದ ಜಾಗದಲ್ಲಿ ಬೀಳುವ ಹೊರೆ. ಮುಖ್ಯ ತೊಲೆಯ ಮೇಲೆ ಕೂರುವ ಉಪತೊಲೆ ಅಥವಾ ತೊಲೆಯ ಮೇಲೆ ನಿಂತ ಕಂಬದ ಭಾರ ಇದಕ್ಕೆ ಉದಾಹರಣೆ. ಇದನ್ನು ಕಿಲೋನ್ಯೂಟನ್‌ಗಳಲ್ಲಿ (ಕಿ.ನ್ಯೂ.) ಅಳೆಯುತ್ತಾರೆ.

ಸಮವಿತರಿತ ಹೊರೆ: ತೊಲೆಯ ಪೂರ್ಣ ಉದ್ದಕ್ಕೆ ಅಥವಾ ಅದರ ಒಂದು ಭಾಗಕ್ಕೆ ಸಮನಾಗಿ ಹರಡಿದ ಹೊರೆ. ತೊಲೆಯ ಸ್ವಂತ ತೂಕ ಮತ್ತು ಅದರ ಮೇಲೆ ಕಟ್ಟಿದ ಒಂದೇ ಎತ್ತರದ ಗೋಡೆ ಈ ಗುಂಪಿಗೆ ಸೇರುತ್ತವೆ. ಇದನ್ನು ಪ್ರತಿ ಮೀಟರಿಗೆ ಇಷ್ಟು ಕಿಲೋನ್ಯೂಟನ್ ಎಂದು ಹೇಳಲಾಗುತ್ತದೆ.

ಬಲಯುಗ್ಮ: ತೊಲೆಯನ್ನು ಕೆಳಕ್ಕೆ ಒತ್ತದೆ ಒಂದು ಬಿಂದುವಿನಲ್ಲಿ ತಿರುಗಿಸಲು ಮಾತ್ರ ಯತ್ನಿಸುವ ಕ್ರಿಯೆ. ತೊಲೆಗೆ ಬಿಗಿಯಾಗಿ ಜೋಡಿಸಿದ ಚಾಚುತೋಳಿನ ತುದಿಯಲ್ಲಿ ಭಾರವಿದ್ದರೆ, ಜೋಡಣೆಯ ಬಿಂದುವಿನಲ್ಲಿ ಒಂದು ಬಿಂದು ಹೊರೆಯ ಜೊತೆಗೆ ಒಂದು ಬಲಯುಗ್ಮವೂ ಉಂಟಾಗುತ್ತದೆ. ಇದರ ಮಾನ ಕಿಲೋನ್ಯೂಟನ್-ಮೀಟರ್ (ಕಿ.ನ್ಯೂ.ಮೀ.). ಬಾಗು ಭ್ರಾಮಕದ ಮಾನವೂ ಇದೇ ಆಗಿದೆ.

ಮೂಲ ತತ್ತ್ವಗಳು

ಸರಳಾಧಾರಿತ ತೊಲೆಯ ಒಂದು ತುದಿಯನ್ನು ತಿರುಗಣಿ ಆಧಾರ, ಇನ್ನೊಂದನ್ನು ಉರುಳೆ ಆಧಾರ ಎಂದು ಭಾವಿಸಲಾಗುತ್ತದೆ. ಹೊರೆಗಳೆಲ್ಲವೂ ಲಂಬವಾಗಿದ್ದಾಗ ತಿಳಿಯಬೇಕಾದವು ಎರಡೇ ಪ್ರಮಾಣಗಳು: ಎಡ ಮತ್ತು ಬಲ ಆಧಾರಗಳ ಮೇಲ್ಮುಖ ಪ್ರತಿಕ್ರಿಯೆಗಳು. ಇವುಗಳನ್ನು ಕಂಡುಹಿಡಿಯಲು ಸಮತೋಲನದ ಎರಡು ನಿಯಮಗಳು ಸಾಕು. ಮೇಲ್ಮುಖ ಬಲಗಳ ಮೊತ್ತವು ಕೆಳಮುಖ ಬಲಗಳ ಮೊತ್ತಕ್ಕೆ ಸಮ. ಯಾವುದೇ ಬಿಂದುವಿನ ಸುತ್ತ ಎಲ್ಲ ಭ್ರಾಮಕಗಳ ಬೀಜಗಣಿತೀಯ ಮೊತ್ತವು ಶೂನ್ಯ.

ಸಮತೋಲನದ ನಿಯಮಗಳಷ್ಟೇ ಸಾಕಾಗುವುದರಿಂದ ಈ ತೊಲೆಯ ಬಾಗು ಭ್ರಾಮಕವು ತೊಲೆ ಯಾವ ವಸ್ತುವಿನದು ಎಂಬುದನ್ನು ಅವಲಂಬಿಸುವುದಿಲ್ಲ. ಒಂದೇ ಉದ್ದ ಹಾಗೂ ಒಂದೇ ಹೊರೆಗೆ ಮರದ ತೊಲೆಯಲ್ಲೂ ಉಕ್ಕಿನ ತೊಲೆಯಲ್ಲೂ ಭ್ರಾಮಕ ಒಂದೇ ಆಗಿರುತ್ತದೆ. ಅದನ್ನು ತಡೆದುಕೊಳ್ಳುವ ಸಾಮರ್ಥ್ಯವಷ್ಟೇ ಬೇರೆ.

ಒಂದು ಅಡ್ಡಕೊಯ್ತದ ಎಡಭಾಗದಲ್ಲಿರುವ ಲಂಬ ಬಲಗಳ ಬೀಜಗಣಿತೀಯ ಮೊತ್ತಕ್ಕೆ ಕತ್ತರಿ ಬಲ ಎಂದು ಹೆಸರು. ಇದನ್ನೇ ಶಿಯರ್ ಫೋರ್ಸ್ ಎಂದೂ ಕರೆಯುತ್ತಾರೆ. ತೊಲೆಯುದ್ದಕ್ಕೆ ಬಾಗು ಭ್ರಾಮಕವು ಬದಲಾಗುವ ದರವೇ ಆ ಸ್ಥಾನದ ಕತ್ತರಿ ಬಲ. ಆದ್ದರಿಂದ ಎರಡು ಕೊಯ್ತಗಳ ನಡುವೆ ಬಲಯುಗ್ಮವಿಲ್ಲದಿದ್ದರೆ, ಅವುಗಳ ಭ್ರಾಮಕಗಳ ವ್ಯತ್ಯಾಸವು ಕತ್ತರಿ ಬಲದ ರೇಖಾಚಿತ್ರದಲ್ಲಿ ಅವೆರಡರ ನಡುವಿನ ವಿಸ್ತೀರ್ಣಕ್ಕೆ ಸಮನಾಗಿರುತ್ತದೆ. ಕತ್ತರಿ ಬಲವು ಧನದಿಂದ ಋಣಕ್ಕೆ ತಿರುಗುವಲ್ಲಿ ಭ್ರಾಮಕವು ಏರುವುದನ್ನು ನಿಲ್ಲಿಸಿ ಇಳಿಯತೊಡಗುತ್ತದೆ. ಗರಿಷ್ಠ ಭ್ರಾಮಕವನ್ನು ಹುಡುಕಲು ಇದೇ ಮುಖ್ಯ ಸೂಚನೆ.

ಈ ಲೇಖನದಲ್ಲಿ ತೊಲೆಯು ಕೆಳಕ್ಕೆ ಜೋತುಬೀಳುವಂತೆ ಬಾಗಿಸುವ ಭ್ರಾಮಕವನ್ನು ಧನ ಎಂದು ಪರಿಗಣಿಸಲಾಗಿದೆ.

ಒಂಟಿ ಹೊರೆಗಳ ಸೂತ್ರಗಳು

ತೊಲೆಯ ಉದ್ದವನ್ನು ಉ, ಬಿಂದು ಹೊರೆಯನ್ನು ಪ, ಪ್ರತಿ ಮೀಟರಿನ ಸಮವಿತರಿತ ಹೊರೆಯನ್ನು ಹ ಎಂದು ಸೂಚಿಸಿದರೆ:

ನಡುವೆ ಒಂದು ಬಿಂದು ಹೊರೆ: ಗರಿಷ್ಠ ಭ್ರಾಮಕ = ಪ × ಉ ÷ 4, ತೊಲೆಯ ನಡುವೆ.

ಎಡ ಆಧಾರದಿಂದ ಅ, ಬಲ ಆಧಾರದಿಂದ ಬ ದೂರದಲ್ಲಿ ಒಂದು ಬಿಂದು ಹೊರೆ: ಗರಿಷ್ಠ ಭ್ರಾಮಕ = ಪ × ಅ × ಬ ÷ ಉ, ಹೊರೆಯ ಕೆಳಗೆ.

ಪೂರ್ಣ ಉದ್ದಕ್ಕೆ ಸಮವಿತರಿತ ಹೊರೆ: ಗರಿಷ್ಠ ಭ್ರಾಮಕ = ಹ × ಉ² ÷ 8, ತೊಲೆಯ ನಡುವೆ.

ಪೂರ್ಣ ಉದ್ದದ ಸಮವಿತರಿತ ಹೊರೆ ಮತ್ತು ನಡುವಿನ ಬಿಂದು ಹೊರೆ ಒಟ್ಟಿಗೆ ಇದ್ದರೆ ಎರಡು ಸೂತ್ರಗಳ ಬೆಲೆಗಳನ್ನು ನೇರವಾಗಿ ಕೂಡಬಹುದು. ಎರಡೂ ಗರಿಷ್ಠಗಳು ಒಂದೇ ಸ್ಥಾನದಲ್ಲಿ ಬರುವುದೇ ಇದಕ್ಕೆ ಕಾರಣ. ಗರಿಷ್ಠಗಳು ಬೇರೆ ಬೇರೆ ಸ್ಥಾನಗಳಲ್ಲಿ ಬಂದಾಗ ಈ ಕೂಡಿಕೆ ಸರಿಯಾಗುವುದಿಲ್ಲ.

ಉದಾಹರಣೆ 1: ಭಾಗಶಃ ಸಮವಿತರಿತ ಹೊರೆ ಮತ್ತು ಬಿಂದು ಹೊರೆ

8 ಮೀಟರ್ ಉದ್ದದ ಒಂದು ತೊಲೆಯನ್ನು ಪರಿಗಣಿಸೋಣ. ಅದರ ಎಡ ಆಧಾರ ಕ, ಬಲ ಆಧಾರ ಖ. ಕ ದಿಂದ 4 ಮೀಟರ್ ದೂರದ ಗ ಬಿಂದುವಿನವರೆಗೆ ಪ್ರತಿ ಮೀಟರಿಗೆ 20 ಕಿ.ನ್ಯೂ. ಸಮವಿತರಿತ ಹೊರೆಯಿದೆ. ಕ ದಿಂದ 6 ಮೀಟರ್ ದೂರದ ಘ ಬಿಂದುವಿನಲ್ಲಿ 40 ಕಿ.ನ್ಯೂ. ಬಿಂದು ಹೊರೆಯಿದೆ. ತೊಲೆಯ ಸ್ವಂತ ತೂಕವನ್ನು ಸದ್ಯಕ್ಕೆ ಬಿಡಲಾಗಿದೆ.

ಮೊದಲ ಹಂತ, ಪ್ರತಿಕ್ರಿಯೆಗಳು: ಸಮವಿತರಿತ ಹೊರೆಯ ಒಟ್ಟು ಮೊತ್ತ 20 × 4 = 80 ಕಿ.ನ್ಯೂ. ಇದು ತನ್ನ ಹರವಿನ ನಡುವೆ, ಅಂದರೆ ಕ ದಿಂದ 2 ಮೀಟರ್ ದೂರದಲ್ಲಿ ವರ್ತಿಸುತ್ತದೆ ಎಂದು ಭಾವಿಸಬಹುದು. ಕ ಬಿಂದುವಿನ ಸುತ್ತ ಭ್ರಾಮಕಗಳನ್ನು ತೆಗೆದುಕೊಂಡರೆ:

ಖ ದ ಪ್ರತಿಕ್ರಿಯೆ × 8 = 80 × 2 + 40 × 6 = 400
ಖ ದ ಪ್ರತಿಕ್ರಿಯೆ = 50 ಕಿ.ನ್ಯೂ.
ಕ ದ ಪ್ರತಿಕ್ರಿಯೆ = 120 − 50 = 70 ಕಿ.ನ್ಯೂ.

ಎರಡನೆಯ ಹಂತ, ಕತ್ತರಿ ಬಲ: ಕ ದಿಂದ ಅಳೆದ ದೂರವನ್ನು ಯ ಎಂದುಕೊಂಡರೆ, ಮೊದಲ 4 ಮೀಟರ್‌ಗಳಲ್ಲಿ ಕತ್ತರಿ ಬಲ 70 − 20ಯ. ಗ ಬಿಂದುವಿನಲ್ಲಿ ಇದು −10 ಆಗುತ್ತದೆ. ಗ ಮತ್ತು ಘ ನಡುವೆ ಹೊರೆಯಿಲ್ಲದ ಕಾರಣ −10 ಆಗಿಯೇ ಉಳಿಯುತ್ತದೆ. ಘ ದಾಟಿದ ಮೇಲೆ −50 ಆಗಿ, ಖ ದ ಪ್ರತಿಕ್ರಿಯೆಯಿಂದ ಶೂನ್ಯಕ್ಕೆ ಮರಳುತ್ತದೆ.

ಮೂರನೆಯ ಹಂತ, ಗರಿಷ್ಠದ ಸ್ಥಾನ: 70 − 20ಯ = 0 ಎಂದಿಟ್ಟರೆ ಯ = 3.5 ಮೀಟರ್.

ನಾಲ್ಕನೆಯ ಹಂತ, ಗರಿಷ್ಠ ಭ್ರಾಮಕ: 70 × 3.5 − 20 × 3.5² ÷ 2 = 245 − 122.5 = 122.5 ಕಿ.ನ್ಯೂ.ಮೀ.

ಗ ಬಿಂದುವಿನಲ್ಲಿ ಭ್ರಾಮಕ 70 × 4 − 80 × 2 = 120 ಕಿ.ನ್ಯೂ.ಮೀ. ಘ ಬಿಂದುವಿನಲ್ಲಿ ಬಲಭಾಗದಿಂದ ಲೆಕ್ಕ ಹಾಕಿದರೆ 50 × 2 = 100 ಕಿ.ನ್ಯೂ.ಮೀ.

ಲೆಕ್ಕದ ತಾಳೆ: ಕತ್ತರಿ ಬಲದ ರೇಖಾಚಿತ್ರದ ವಿಸ್ತೀರ್ಣಗಳನ್ನು ಎಡದಿಂದ ಬಲಕ್ಕೆ ಕೂಡುತ್ತಾ ಹೋದರೆ +122.5, −2.5, −20, −100 ದೊರೆಯುತ್ತವೆ. ಇವುಗಳ ಮೊತ್ತ ಶೂನ್ಯ. ತಿರುಗಲು ಅಡ್ಡಿಯಿಲ್ಲದ ಖ ತುದಿಯಲ್ಲಿ ಭ್ರಾಮಕ ಶೂನ್ಯವಾಗಿರಲೇಬೇಕಾದ್ದರಿಂದ ಲೆಕ್ಕ ಸರಿಯಿದೆ. ಪ್ರತಿಕ್ರಿಯೆಗಳಲ್ಲಿ ನುಸುಳಿದ ತಪ್ಪು ಸಾಮಾನ್ಯವಾಗಿ ಈ ತಾಳೆಯಲ್ಲಿ ಸಿಕ್ಕಿಬೀಳುತ್ತದೆ.

ಅಧ್ಯಾರೋಪಣ ವಿಧಾನ

ಹಲವು ಹೊರೆಗಳು ಒಟ್ಟಿಗೆ ಉಂಟುಮಾಡುವ ಪರಿಣಾಮವು, ಅವು ಒಂದೊಂದಾಗಿ ಉಂಟುಮಾಡುವ ಪರಿಣಾಮಗಳ ಮೊತ್ತಕ್ಕೆ ಸಮ ಎಂಬುದು ಅಧ್ಯಾರೋಪಣ ತತ್ತ್ವ. ತೊಲೆಯ ಬಾಗು ಅದರ ಉದ್ದಕ್ಕೆ ಹೋಲಿಸಿದರೆ ಅತ್ಯಲ್ಪವಾಗಿರುವವರೆಗೆ ಈ ತತ್ತ್ವವನ್ನು ಇಲ್ಲಿ ಬಳಸಬಹುದು. ಆದರೆ ಕೂಡಬೇಕಾದುದು ಒಂದೇ ಅಡ್ಡಕೊಯ್ತದಲ್ಲಿನ ಭ್ರಾಮಕಗಳನ್ನು ಮಾತ್ರ.

ಮೇಲಿನ ಉದಾಹರಣೆಯಲ್ಲಿ ಸಮವಿತರಿತ ಹೊರೆ ಒಂದೇ ಇದ್ದರೆ ಕ ದ ಪ್ರತಿಕ್ರಿಯೆ 60, ಖ ದ ಪ್ರತಿಕ್ರಿಯೆ 20 ಕಿ.ನ್ಯೂ. ಆಗುತ್ತದೆ. ಬಿಂದು ಹೊರೆ ಒಂದೇ ಇದ್ದರೆ ಅವು ಕ್ರಮವಾಗಿ 10 ಮತ್ತು 30 ಕಿ.ನ್ಯೂ. ಇವುಗಳಿಂದ ದೊರೆಯುವ ಭ್ರಾಮಕಗಳು, ಸಮವಿತರಿತ ಹೊರೆಯ ಪಾಲನ್ನು ಮೊದಲು ಬರೆದು, ಕಿ.ನ್ಯೂ.ಮೀ.ಗಳಲ್ಲಿ ಹೀಗಿವೆ:

3 ಮೀಟರ್‌ನಲ್ಲಿ: 90 + 30 = 120
3.5 ಮೀಟರ್‌ನಲ್ಲಿ: 87.5 + 35 = 122.5
4 ಮೀಟರ್‌ನಲ್ಲಿ: 80 + 40 = 120
6 ಮೀಟರ್‌ನಲ್ಲಿ: 40 + 60 = 100

ಸಮವಿತರಿತ ಹೊರೆಯ ಸ್ವಂತ ಗರಿಷ್ಠ 90, ಇದು 3 ಮೀಟರ್‌ನಲ್ಲಿ ಬರುತ್ತದೆ. ಬಿಂದು ಹೊರೆಯ ಸ್ವಂತ ಗರಿಷ್ಠ 60, ಇದು 6 ಮೀಟರ್‌ನಲ್ಲಿ ಬರುತ್ತದೆ. ಇವೆರಡನ್ನೇ ಕೂಡಿದರೆ 150 ಆಗುತ್ತದೆ. ಆದರೆ ತೊಲೆಯ ಯಾವ ಕೊಯ್ತದಲ್ಲೂ ಅಷ್ಟು ಭ್ರಾಮಕವಿಲ್ಲ. ನಿಜವಾದ ಗರಿಷ್ಠಕ್ಕಿಂತ ಇದು ಸುಮಾರು ಶೇಕಡ 22ರಷ್ಟು ಹೆಚ್ಚು. ಎರಡು ಹೊರೆಗಳೂ ಸೇರಿದಾಗಿನ ಗರಿಷ್ಠವು ಎರಡರ ಸ್ವಂತ ಗರಿಷ್ಠ ಸ್ಥಾನಗಳಿಗೂ ಸೇರದ 3.5 ಮೀಟರ್‌ನಲ್ಲಿ ಬಂದಿರುವುದನ್ನು ಗಮನಿಸಬೇಕು.

ಉದಾಹರಣೆ 2: ಬಲಯುಗ್ಮವೂ ಸೇರಿದಾಗ

ಮೊದಲ ಉದಾಹರಣೆಯ ತೊಲೆಯಲ್ಲೇ ಒಂದು ಬದಲಾವಣೆ ಮಾಡೋಣ. 40 ಕಿ.ನ್ಯೂ. ಹೊರೆ ಘ ಬಿಂದುವಿನ ಮೇಲೆ ನೇರವಾಗಿ ಬೀಳದೆ, ಘ ದಲ್ಲಿ ಬಿಗಿಯಾಗಿ ಜೋಡಿಸಿ ಬಲಕ್ಕೆ 1 ಮೀಟರ್ ಚಾಚಿದ ತೋಳಿನ ತುದಿಯಲ್ಲಿದೆ ಎಂದುಕೊಳ್ಳೋಣ. ಘ ದಲ್ಲಿ ಹೊರತು ಬೇರೆಲ್ಲಿಯೂ ಆ ತೋಳು ತೊಲೆಯನ್ನು ಮುಟ್ಟುವುದಿಲ್ಲ. ಆಗ ಘ ದಲ್ಲಿ 40 ಕಿ.ನ್ಯೂ. ಕೆಳಮುಖ ಬಲವೂ, 40 × 1 = 40 ಕಿ.ನ್ಯೂ.ಮೀ. ಪ್ರಮಾಣದ ಪ್ರದಕ್ಷಿಣ ಬಲಯುಗ್ಮವೂ ತೊಲೆಯ ಮೇಲೆ ವರ್ತಿಸುತ್ತವೆ.

ಕ ದ ಸುತ್ತ ಭ್ರಾಮಕಗಳು: ಖ ದ ಪ್ರತಿಕ್ರಿಯೆ × 8 = 160 + 240 + 40 = 440. ಆದ್ದರಿಂದ ಖ ದ ಪ್ರತಿಕ್ರಿಯೆ 55 ಕಿ.ನ್ಯೂ., ಕ ದ ಪ್ರತಿಕ್ರಿಯೆ 65 ಕಿ.ನ್ಯೂ.

ಕತ್ತರಿ ಬಲವು 65 ÷ 20 = 3.25 ಮೀಟರ್‌ನಲ್ಲಿ ಶೂನ್ಯವಾಗುತ್ತದೆ. ಅಲ್ಲಿ ಭ್ರಾಮಕ 65 × 3.25 − 20 × 3.25² ÷ 2 = 105.6 ಕಿ.ನ್ಯೂ.ಮೀ. ಗ ದಲ್ಲಿ 100 ಕಿ.ನ್ಯೂ.ಮೀ. ಗ ದಿಂದ ಘ ವರೆಗೆ ಕತ್ತರಿ ಬಲ −15 ಆಗಿರುವುದರಿಂದ ಘ ದ ಎಡಪಕ್ಕದಲ್ಲಿ 100 − 30 = 70 ಕಿ.ನ್ಯೂ.ಮೀ. ಆದರೆ ಘ ದ ಬಲಪಕ್ಕದಲ್ಲಿ ಖ ಕಡೆಯಿಂದ ಲೆಕ್ಕ ಹಾಕಿದರೆ 55 × 2 = 110 ಕಿ.ನ್ಯೂ.ಮೀ. ದೊರೆಯುತ್ತದೆ. ಅಂದರೆ ಬಲಯುಗ್ಮವಿರುವ ಬಿಂದುವಿನಲ್ಲಿ ಭ್ರಾಮಕದ ರೇಖಾಚಿತ್ರವು 70ರಿಂದ 110ಕ್ಕೆ ಒಮ್ಮೆಲೇ ಜಿಗಿಯುತ್ತದೆ.

ಈ ತೊಲೆಯ ಗರಿಷ್ಠ ಭ್ರಾಮಕ 110 ಕಿ.ನ್ಯೂ.ಮೀ. ಅದು ಇರುವಲ್ಲಿ ಕತ್ತರಿ ಬಲವು ಶೂನ್ಯವಲ್ಲ. ಅದು −15ರಿಂದ −55ಕ್ಕೆ ಇಳಿಯುತ್ತದೆಯೇ ಹೊರತು ಚಿಹ್ನೆಯನ್ನು ಬದಲಿಸುವುದಿಲ್ಲ. ಆದ್ದರಿಂದ ತೊಲೆಯ ಮೇಲೆ ಬಲಯುಗ್ಮಗಳಿದ್ದಾಗ ಕತ್ತರಿ ಬಲ ಶೂನ್ಯವಾಗುವ ಸ್ಥಾನಗಳ ಜೊತೆಗೆ ಪ್ರತಿಯೊಂದು ಬಲಯುಗ್ಮದ ಎಡ ಮತ್ತು ಬಲಪಕ್ಕಗಳಲ್ಲೂ ಭ್ರಾಮಕವನ್ನು ಲೆಕ್ಕಹಾಕಿ ಹೋಲಿಸಬೇಕು.

ಸಾಮಾನ್ಯ ತಪ್ಪುಗಳು

ಹೊರೆಯನ್ನು ಅದರ ಮೊತ್ತದಿಂದ ಬದಲಿಸುವುದು: ಹರಡಿದ ಹೊರೆಯನ್ನು ಒಂದೇ ಬಿಂದು ಹೊರೆಯಾಗಿ ಭಾವಿಸುವುದು ಪ್ರತಿಕ್ರಿಯೆಗಳ ಲೆಕ್ಕಕ್ಕೆ ಸರಿ, ತೊಲೆಯೊಳಗಿನ ಭ್ರಾಮಕಕ್ಕೆ ಸರಿಯಲ್ಲ. ಮೊದಲ ಉದಾಹರಣೆಯಲ್ಲಿ 80 ಕಿ.ನ್ಯೂ. ಪೂರ್ತಿ 2 ಮೀಟರ್‌ನಲ್ಲೇ ಬೀಳುತ್ತದೆ ಎಂದುಕೊಂಡರೆ ಅಲ್ಲಿನ ಭ್ರಾಮಕ 70 × 2 = 140 ಎಂದು ಬರುತ್ತದೆ. ನಿಜವಾಗಿ ಅಲ್ಲಿರುವುದು 140 − 40 = 100 ಕಿ.ನ್ಯೂ.ಮೀ. ಕೊಯ್ತವನ್ನು ಮೊದಲು ಗುರುತಿಸಿ, ಅದರ ಒಂದು ಬದಿಯಲ್ಲಿರುವ ಹೊರೆಯ ಭಾಗವನ್ನು ಮಾತ್ರ ಒಟ್ಟುಗೂಡಿಸುವುದು ಸರಿಯಾದ ಕ್ರಮ.

ಚಾಚುತೋಳಿನ ಹೊರೆಯನ್ನು ತೊಲೆಯ ಮೇಲೆ ಇಳಿಸುವುದು: ಎರಡನೆಯ ಉದಾಹರಣೆಯಲ್ಲಿ ಹೊರೆ ನೇರವಾಗಿ 7 ಮೀಟರ್‌ನಲ್ಲಿ ಬೀಳುತ್ತದೆ ಎಂದು ಭಾವಿಸಿದರೂ ಪ್ರತಿಕ್ರಿಯೆಗಳು 65 ಮತ್ತು 55 ಆಗಿಯೇ ಬರುತ್ತವೆ. ಹೀಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಲೆಕ್ಕದ ಪ್ರಕಾರ ಘ ದಲ್ಲಿ ಭ್ರಾಮಕ 70 ಮಾತ್ರ. ಅದನ್ನು ನಂಬಿ ಘ ದ ಬಳಿ ಸರಳುಗಳನ್ನು ಕಡಿಮೆ ಮಾಡಿದರೆ, 110 ಕಿ.ನ್ಯೂ.ಮೀ. ಹೊರಬೇಕಾದ ಕೊಯ್ತವೇ ದುರ್ಬಲವಾಗಿಬಿಡುತ್ತದೆ.

ಗರಿಷ್ಠವು ಸದಾ ನಡುವೆಯೇ ಇರುತ್ತದೆ ಎಂದು ಭಾವಿಸುವುದು: ಹೊರೆಗಳು ತೊಲೆಯ ನಡುಗೆರೆಯ ಎರಡೂ ಬದಿಗೆ ಸಮರೂಪವಾಗಿ ಇಲ್ಲದಿದ್ದಾಗ ಇದನ್ನು ನಂಬುವಂತಿಲ್ಲ. ಮೊದಲ ಉದಾಹರಣೆಯಲ್ಲಿ ನಡುವಿನ ಬೆಲೆ 120 ಆಗಿದ್ದು, ವ್ಯತ್ಯಾಸ ಶೇಕಡ 2 ಮಾತ್ರ. ಎರಡನೆಯದರಲ್ಲಿ ನಡುವಿನ ಬೆಲೆ 100, ಗರಿಷ್ಠ 110.

ಚಿಹ್ನೆಯ ಗೊಂದಲ: ಬಲಯುಗ್ಮದ ದಿಕ್ಕನ್ನು ತಪ್ಪಾಗಿ ತೆಗೆದುಕೊಂಡರೆ ಪ್ರತಿಕ್ರಿಯೆಗಳೂ ರೇಖಾಚಿತ್ರದ ಜಿಗಿತವೂ ತಪ್ಪುತ್ತವೆ. ಎಡದಿಂದ ಬಲಕ್ಕೆ ಸಾಗುವಾಗ ಪ್ರದಕ್ಷಿಣ ಬಲಯುಗ್ಮವು ಧನ ಭ್ರಾಮಕವನ್ನು ಏರಿಸುತ್ತದೆ, ಅಪ್ರದಕ್ಷಿಣವು ಇಳಿಸುತ್ತದೆ.

ವಿನ್ಯಾಸದಲ್ಲಿ ಬಳಕೆ

ತೊಲೆಯು ಜೋತುಬೀಳುವಂತೆ ಬಾಗಿದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಕಲ್ಲು ಮತ್ತು ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಿಕೊಂಡರೂ ಎಳೆತದಲ್ಲಿ ದುರ್ಬಲ. ಹಂಪೆಯಂತಹ ಕಡೆಗಳ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಸಮವಿತರಿತ ಹೊರೆಯಡಿಯಲ್ಲಿ ಭ್ರಾಮಕವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕಂಬಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಭ್ರಾಮಕವು ಕಾಲುಭಾಗಕ್ಕೆ ಇಳಿಯುತ್ತದೆ.

ಉಕ್ಕಿನ ತೊಲೆಯಲ್ಲಿ ಗರಿಷ್ಠ ಭ್ರಾಮಕವನ್ನು ಅನುಮತ ಪ್ರತಿಬಲದಿಂದ ಭಾಗಿಸಿದರೆ ಬೇಕಾದ ಸೆಕ್ಷನ್ ಮಾಡ್ಯುಲಸ್ ದೊರೆಯುತ್ತದೆ. ಇದು ಅಡ್ಡಕೊಯ್ತದ ಆಕಾರದಿಂದ ನಿರ್ಧಾರವಾಗುವ ಪ್ರಮಾಣ. ಪಕ್ಕಕ್ಕೆ ವಾಲದಂತೆ ಹಿಡಿದಿಟ್ಟ ತೊಲೆಗೆ ಐಎಸ್ 800:1984ರ ಅನುಮತ ಪ್ರತಿಬಲ ವಿಧಾನದಲ್ಲಿ, 250 ನ್ಯೂಟನ್ ಪ್ರತಿ ಚದರ ಮಿಲಿಮೀಟರ್ ಇಳುವರಿ ಬಲದ ಉಕ್ಕಿಗೆ, ಬಾಗುವಿಕೆಯ ಮಿತಿ 165 ನ್ಯೂಟನ್ ಪ್ರತಿ ಚದರ ಮಿಲಿಮೀಟರ್. ಮೊದಲ ಉದಾಹರಣೆಯ 122.5 ಕಿ.ನ್ಯೂ.ಮೀ.ಗೆ ಸುಮಾರು 742 ಘನ ಸೆಂಟಿಮೀಟರ್ ಬೇಕು. ಐಎಸ್‌ಎಂಬಿ 350 ತೊಲೆಯಲ್ಲಿ ಇದು 778.9 ಇರುತ್ತದೆ. ಆ ತೊಲೆಯ ಪ್ರತಿ ಮೀಟರಿನ ತೂಕ 52.4 ಕಿಲೋಗ್ರಾಂ. ಅದನ್ನೂ ಸೇರಿಸಿದರೆ ಗರಿಷ್ಠ ಭ್ರಾಮಕ ಸುಮಾರು 126.6 ಕಿ.ನ್ಯೂ.ಮೀ., ಬೇಕಾದುದು 767 ಘನ ಸೆಂಟಿಮೀಟರ್. ಬಾಗುವಿಕೆಯ ಮಟ್ಟಿಗೆ ಅದೇ ತೊಲೆ ಸಾಕಾಗುತ್ತದೆ. ಗರಿಷ್ಠಗಳನ್ನು ಕೂಡಿ 150 ಎಂದು ತಿಳಿದಿದ್ದರೆ 909 ಘನ ಸೆಂಟಿಮೀಟರ್ ಬೇಕೆಂದಾಗಿ, ಮೀಟರಿಗೆ 61.6 ಕಿಲೋಗ್ರಾಂ ತೂಗುವ ಐಎಸ್‌ಎಂಬಿ 400 ಆರಿಸಬೇಕಾಗುತ್ತಿತ್ತು. ಈ ಒಂದು ತೊಲೆಯಲ್ಲೇ 70 ಕಿಲೋಗ್ರಾಂಗಿಂತ ಹೆಚ್ಚು ಉಕ್ಕು ವ್ಯರ್ಥವಾಗುತ್ತಿತ್ತು. ಈ ಸಂಹಿತೆಯ 2007ರ ಆವೃತ್ತಿಯಲ್ಲಿ ಮಿತಿಸ್ಥಿತಿ ವಿಧಾನಕ್ಕೆ ಪ್ರಾಶಸ್ತ್ಯವಿದೆ. ಆದರೂ ಭ್ರಾಮಕವನ್ನು ಕಂಡುಹಿಡಿಯುವ ಕ್ರಮ ಬದಲಾಗಿಲ್ಲ.

ಕಾಂಕ್ರೀಟ್ ತೊಲೆಯಲ್ಲಿ ಸರಳುಗಳನ್ನು ಎಳೆತವಿರುವ ಕೆಳಭಾಗದಲ್ಲಿ ಇಡಲಾಗುತ್ತದೆ. ಭ್ರಾಮಕ ಕಡಿಮೆಯಿರುವಲ್ಲಿ ಕೆಲವು ಸರಳುಗಳನ್ನು ನಿಲ್ಲಿಸಬಹುದು. ಆದ್ದರಿಂದ ಗರಿಷ್ಠ ಬೆಲೆಯೊಂದೇ ಸಾಲದು, ಪೂರ್ಣ ರೇಖಾಚಿತ್ರವೇ ಬೇಕು. ಲೆಕ್ಕದ ಪ್ರಕಾರ ಸರಳು ಬೇಡವಾಗುವ ಬಿಂದುವನ್ನು ದಾಟಿ ತೊಲೆಯ ಪರಿಣಾಮಕಾರಿ ಆಳ ಅಥವಾ ಸರಳಿನ ವ್ಯಾಸದ 12 ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಅದನ್ನು ಮುಂದುವರಿಸಬೇಕೆಂದು ಐಎಸ್ 456:2000 ವಿಧಿಸುತ್ತದೆ. ಸರಳ ಆಧಾರದಲ್ಲಿ ಕೆಳಗಿನ ಸರಳುಗಳ ಕನಿಷ್ಠ ಮೂರನೆಯ ಒಂದು ಭಾಗವನ್ನು ಆಧಾರದೊಳಕ್ಕೆ ಒಯ್ಯಬೇಕೆಂಬ ನಿಯಮವೂ ಅದರಲ್ಲಿದೆ.

ಇತಿಹಾಸ

ತೊಲೆಗಳ ಬಲವನ್ನು ಗಣಿತದ ಮೂಲಕ ವಿವರಿಸುವ ಪ್ರಸಿದ್ಧ ಆರಂಭಿಕ ಯತ್ನ ಗೆಲಿಲಿಯೋನದು. 1638ರಲ್ಲಿ ಪ್ರಕಟವಾದ ಎರಡು ಹೊಸ ವಿಜ್ಞಾನಗಳನ್ನು ಕುರಿತ ಗ್ರಂಥದಲ್ಲಿ ಅವನು ಗೋಡೆಯಿಂದ ಚಾಚಿದ ತೊಲೆಯನ್ನು ಪರಿಶೀಲಿಸಿದ. ಅಡ್ಡಕೊಯ್ತದ ಉದ್ದಗಲಕ್ಕೂ ಎಳೆತ ಸಮನಾಗಿದ್ದು, ತೊಲೆ ತನ್ನ ಕೆಳಅಂಚಿನ ಮೇಲೆ ತಿರುಗುತ್ತದೆಂದು ಅವನು ಭಾವಿಸಿದ್ದ. ಆಯತಾಕಾರದ ತೊಲೆಗೆ ಅವನ ಕ್ರಮವು ಇಂದಿನ ಸ್ಥಿತಿಸ್ಥಾಪಕ ಸಿದ್ಧಾಂತ ನೀಡುವ ಬಲದ ಮೂರು ಪಟ್ಟನ್ನು ನೀಡುತ್ತದೆ. ಇಂದು ಬಳಸುವ ಬಾಗುವಿಕೆಯ ಸಿದ್ಧಾಂತವು 18ನೆಯ ಶತಮಾನದಲ್ಲಿ ಬರ್ನೂಲಿ, ಆಯ್ಲರ್, ಕೂಲಂಬ್ ಮೊದಲಾದವರ ಕೆಲಸದಿಂದ ಬೆಳೆದು, ಫ್ರಾನ್ಸಿನ ನೇವಿಯೇ 1826ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಎಂಜಿನಿಯರುಗಳು ನೇರವಾಗಿ ಬಳಸಬಲ್ಲ ರೂಪವನ್ನು ಪಡೆಯಿತು.

ಮಿತಿಗಳು

ಇಲ್ಲಿ ವಿವರಿಸಿದ ಕ್ರಮವು ನಿಂತ ಹೊರೆಗಳಿಗೆ ಅನ್ವಯಿಸುತ್ತದೆ. ಸೇತುವೆಯ ಮೇಲೆ ಚಲಿಸುವ ಚಕ್ರಗಳಂತಹ ಹೊರೆಗಳಿಗೆ, ಯಾವ ಸ್ಥಾನದಲ್ಲಿ ಅವು ಅತಿ ಹೆಚ್ಚು ಭ್ರಾಮಕವನ್ನು ಉಂಟುಮಾಡುತ್ತವೆ ಎಂಬುದನ್ನು ಮೊದಲು ನಿರ್ಧರಿಸಬೇಕು. ತುದಿಗಳು ಕಂಬಗಳೊಡನೆ ಬಿಗಿಯಾಗಿ ಬೆಸೆದಿದ್ದರೆ ಅಥವಾ ತೊಲೆಯು ಎರಡಕ್ಕಿಂತ ಹೆಚ್ಚು ಆಧಾರಗಳ ಮೇಲೆ ಅಖಂಡವಾಗಿ ಸಾಗಿದ್ದರೆ ಸಮತೋಲನದ ನಿಯಮಗಳು ಮಾತ್ರ ಸಾಲುವುದಿಲ್ಲ. ತೊಲೆಯ ಬಿಗುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅಂತಹ ತೊಲೆಗಳಲ್ಲಿ ಆಧಾರಗಳ ಬಳಿ ಮೇಲ್ಭಾಗವು ಎಳೆತಕ್ಕೆ ಒಳಗಾಗುವುದರಿಂದ ಸರಳುಗಳನ್ನು ಅಲ್ಲಿ ಮೇಲೆಯೂ ಇಡಬೇಕಾಗುತ್ತದೆ.